ಥೋಲ್ ಅಂದರೆ ತಾಳು

ಗ್ಯಾಸ್ ಸಿಲಿಂಡರ್ ಬುಕ್ ಮಾಡೋಣವೆಂದು ಫೋನ್ ಮಾಡಿದರೆ ಆ ಕಡೆಯಿಂದ ಒಬ್ಬ ಹೆಣ್ಣುಮಗಳು "ದಯವಿಟ್ಟು ನಿರೀಕ್ಷಿಸಿ" ಅನ್ನುತ್ತಾಳೆ. ನೀವೂ ಕೇಳಿರುತ್ತೀರಿ. ದನಿ ಬಹಳ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 'ನಿರೀಕ್ಷಿಸಿ' ಅಂದ ಕೂಡಲೇ ನನಗೆ ಯಾರೋ ನೆಂಟರು ಬರುವವರಿದ್ದಾರೆ, ನಾಲ್ಕು ಕೋಡುಬಳೆ ಕರಿದಿಡಬೇಕು ಅನ್ನಿಸಿಬಿಡುತ್ತದೆ. ಸಿಲಿಂಡರೇ ಖಾಲಿಯಾಗಿರುವಾಗ ಕರಿಯುವುದು ಎಲ್ಲಿಂದ ಬಂತು?

ಮೊದಲೆಲ್ಲ ಇಂಥ ಕಡೆ "ತಾಳಿ" ಅನ್ನುತ್ತಿದ್ದರು. ರೇಷನ್ ಅಂಗಡಿಯವನು, ಫ್ಲೋರ್ ಮಿಲ್ಲಿನವನು, ಬಸ್ ಕಂಡಕ್ಟರು, ಎಲ್ಲರೂ. "ತಾಳಮ್ಮ, ಚಿಲ್ಲರೆ ಕೊಡ್ತೀನಿ." ಈಗ ಅದೇ ಜನ "ಒಂದ್ನಿಮಿಷ" ಅನ್ನುತ್ತಾರೆ, ಇಲ್ಲವೇ "ವೇಟ್ ಮಾಡಿ" ಅನ್ನುತ್ತಾರೆ. ಪದಗಳು ಸಾಯುವಾಗ ಸದ್ದು ಮಾಡುವುದಿಲ್ಲ. ಪಕ್ಕದ ಬೀದಿಯವರು ಮನೆ ಖಾಲಿ ಮಾಡಿದ ಹಾಗೆ. ಒಂದು ದಿನ ನೋಡಿದರೆ ಬೇರೆ ಯಾರೋ ಬಟ್ಟೆ ಒಣಹಾಕಿರುತ್ತಾರೆ.

ಈ 'ತಾಳು' ಎನ್ನುವ ಪದ ನನಗೆ ಮೊದಲು ಪರಿಚಯವಾದದ್ದು ಬಟ್ಟೆ ಅಂಗಡಿಯಲ್ಲಿ. ನಮ್ಮ ತಂದೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಆಗ ನಾವು ಆರ್.ಟಿ. ನಗರದಲ್ಲಿದ್ದೆವು. ಪ್ರತಿ ವರ್ಷ ಸ್ಕೂಲು ಶುರುವಾಗುವ ಮುಂಚೆ ಅಪ್ಪ ನನ್ನನ್ನೂ ಅಕ್ಕನನ್ನೂ ಬಾಷಾ ಸಾಬರ ಅಂಗಡಿಗೆ ಕರೆದುಕೊಂಡು ಹೋಗಿ, ನೀಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಕೇಳುತ್ತಿದ್ದರು: "ತಾಳುತ್ತೇನ್ರೀ?"

ಸಾಬರು ಒಂದು ಸಲ ಕೈಮುಗಿದೇಬಿಟ್ಟರು. "ಸಾರ್, ಬಟ್ಟೆ ತಾಳ್ತದೆ. ನೀವು ಇಂಗೇ ಎಳೀತಾ ಇದ್ರೆ ನಾನು ತಾಳಲ್ಲ."

ಬಟ್ಟೆ ತಾಳಿತು. ಅಕ್ಕ ತೊಟ್ಟು, ನಾನು ತೊಟ್ಟು, ಆಮೇಲೆ ಸೀಮೆಎಣ್ಣೆ ಸ್ಟೌ ಒರೆಸುವ ಬಟ್ಟೆಯಾಗಿಯೂ ಅದು ತಾಳಿತು. ಹಾಗಾಗಿ ತಾಳುವುದು ಎಂದರೆ ಬಟ್ಟೆಯ ಗುಣ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಹೆಣ್ಣುಮಕ್ಕಳಿಗೂ ಇದೇ ಪ್ರಶ್ನೆ ಇದೆ, ಅವರನ್ನೂ ಎರಡೂ ಕಡೆ ಜಗ್ಗಿ ನೋಡುತ್ತಾರೆ ಎಂದು ಗೊತ್ತಾದದ್ದು ಅಕ್ಕನ ಮದುವೆಯಾದ ಮೇಲೆ.

ಅಕ್ಕನ ಹೆಸರು ಸುಮಿತ್ರ. ಬಿ.ಎ. ಮಾಡಿದವಳು, ನನಗಿಂತ ಹೆಚ್ಚು ಓದಿಕೊಂಡವಳು. ನಾನು ಇಂಗ್ಲಿಷ್ ಲೆಕ್ಚರರ್ ಆದದ್ದರಿಂದ ಮನೆಯಲ್ಲಿ ನನಗೆ ವಿದುಷಿಯೆಂಬ ಹೆಸರು ಬಂತೇ ಹೊರತು, ಕಾದಂಬರಿಗಳನ್ನು ನಿಜವಾಗಿ ಓದುತ್ತಿದ್ದವಳು ಅವಳು. ಭಾವ ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಹೆಸರು ಕೇಶವ. ಯಲಹಂಕದ ಆಚೆಯ ಹಳ್ಳಿಯವರು. ಒಳ್ಳೆಯ ಮನುಷ್ಯ. ಯಾರ ಮನೆಯ ಮಿಕ್ಸಿ ಕೆಟ್ಟರೂ ತಾವೇ ಬಂದು ಬಿಚ್ಚಿಕೊಂಡು ಕೂರುವವರು. ಅವರಿಗಿದ್ದ ಒಂದೇ ಕಷ್ಟ, 'ಹ'ಕಾರ. ಅವರ ಊರಿನಲ್ಲಿ ಯಾರೂ ಹಕಾರವನ್ನು ಬಳಸುವುದಿಲ್ಲ. ಹಾಲು ಅಲ್ಲಿ ಆಲು, ಹಸು ಅಲ್ಲಿ ಅಸು. ಊರಿನಲ್ಲಿದ್ದಷ್ಟು ದಿನ ಇದರಿಂದ ಯಾವ ಹಸುವಿಗೂ ತೊಂದರೆಯಾಗಿರಲಿಲ್ಲ. ಕನ್ನಡ ಮೇಷ್ಟ್ರ ಮಗಳನ್ನು ಮದುವೆಯಾದ ಮೇಲೆ ತೊಂದರೆ ಶುರುವಾಯಿತು. ನಮ್ಮಪ್ಪನೋ, ಹಬ್ಬಕ್ಕೆ ಬಂದ ಅಳಿಯನಿಗೆ ಹೋಳಿಗೆ ಬಡಿಸುತ್ತಲೇ, "ಓಳಿಗೆ ಅಲ್ಲ ಕೇಶವ, ಹೋಳಿಗೆ. ಹೊಟ್ಟೆಯಿಂದ ಬರಬೇಕು" ಎನ್ನುವರು. ಭಾವ ತಲೆ ತಗ್ಗಿಸಿಕೊಂಡು, ಹೆಸರು ಹೇಳದೆ, "ಇನ್ನೊಂದು ಹಾಕಿ" ಎನ್ನಲೂ ಧೈರ್ಯವಿಲ್ಲದೆ, ಬೆರಳು ತೋರಿಸುವರು.

ಒಂದು ರಾಜ್ಯೋತ್ಸವಕ್ಕೆ ಕಾರ್ಖಾನೆಯ ಕ್ವಾರ್ಟರ್ಸ್‌ನವರೆಲ್ಲ ಸೇರಿ ಭಾವನಿಗೆ ಸ್ವಾಗತ ಭಾಷಣ ವಹಿಸಿದರು. ಅವರು ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರಂತೆ. ಎಲ್ಲಿ ಹಕಾರ ಬಿಟ್ಟುಹೋಗುತ್ತದೋ ಎಂಬ ಭಯ. ಆ ಭಯದಲ್ಲಿ ವೇದಿಕೆ ಹತ್ತಿದವರು ಮೈಕಿನ ಮುಂದೆ ಗಟ್ಟಿಯಾಗಿ ಶುರು ಮಾಡಿದರು: "ಹಾದರಣೀಯ ಹಧ್ಯಕ್ಷರೇ!"

ಆದರಣೀಯ ಎನ್ನುವ ಗೌರವದ ಪದ ಒಂದೇ ಹಕಾರದಿಂದ ಎಲ್ಲಿಗೆ ಹೋಯಿತು ನೋಡಿ. ಅಧ್ಯಕ್ಷರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಆಗ ಮುಂದಿನ ಸಾಲಿನಿಂದ ಒಂದು ನಗು ಕೇಳಿಸಿತು. ಅದು ಅಕ್ಕನದು. ತಡೆಯಲಾಗದೆ ಬಂದ ನಗು. ಅವಳ ಹಿಂದೆ ಇಡೀ ಸಭೆ ನಕ್ಕಿತು.

ಭಾವ ಭಾಷಣ ಮುಗಿಸಿ ಕೆಳಗಿಳಿದರು. ಮನೆಗೆ ಬಂದರು. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟರು.

ಅಕ್ಕ ಕ್ಷಮೆ ಕೇಳಿದಳು. ಮೊದಲ ಕೆಲವು ತಿಂಗಳು ಅತ್ತು ಕೇಳಿದಳು, ಜಗಳವಾಡಿ ಕೇಳಿದಳು, ನಗಿಸಲು ನೋಡಿ ಕೇಳಿದಳು. ಭಾವ ಗೋಡೆ ನೋಡುತ್ತಿದ್ದರು. ಕೂಗಾಟವಿಲ್ಲ, ಕುಡಿತವಿಲ್ಲ, ಕೈ ಎತ್ತುವುದಂತೂ ಇಲ್ಲವೇ ಇಲ್ಲ. ಸಂಬಳ ತರುತ್ತಿದ್ದರು, ಅವಳಿಗೆ ಜ್ವರ ಬಂದರೆ ಮಾತ್ರೆ ತಂದು ಮೇಜಿನ ಮೇಲಿಡುತ್ತಿದ್ದರು. ಮಾತು ಮಾತ್ರ ಇಲ್ಲ. ಮಗಳು ಪಲ್ಲವಿ ಮನೆಯಲ್ಲಿದ್ದಷ್ಟು ದಿನ ಅವಳೇ ಅಂಚೆ. "ಅಮ್ಮನಿಗೆ ಏಳು, ನಾಳೆ ಸೆಕೆಂಡ್ ಶಿಫ್ಟು." "ಅಪ್ಪನಿಗೆ ಹೇಳು, ಡಬ್ಬಿ ರೆಡಿಯಾಗಿದೆ." ಮೂವರೂ ಒಂದೇ ಕೋಣೆಯಲ್ಲಿ ಕೂತು ಈ ಅಂಚೆ ನಡೆಯುತ್ತಿತ್ತು. ಪಲ್ಲವಿ ಮದುವೆಯಾಗಿ ತುಮಕೂರಿಗೆ ಹೋದ ಮೇಲೆ ಭಾವ ಗಾಳಿಯೊಡನೆ ಮಾತಾಡತೊಡಗಿದರು. "ಒಂದ್ ಲೋಟ ಕಾಫಿ ಇದ್ರೆ ಕುಡೀಬೋದಿತ್ತು." "ಊಟಕ್ಕೆ ಆಗಿದ್ಯೋ ಏನೋ." ಹೀಗೆ. ಅಕ್ಕ ಹೇಳುತ್ತಿದ್ದಳು, "ನಿಮ್ ಭಾವನ ವ್ಯಾಕರಣದಲ್ಲಿ ಮಧ್ಯಮ ಪುರುಷವೇ ಇಲ್ಲ ಕಣೆ. ನೀನು ಅನ್ನೋ ಪದನೇ ಕಿತ್ತಾಕಿದ್ದಾರೆ."

ಅವಳು ಇದನ್ನು ನಗುತ್ತಲೇ ಹೇಳುತ್ತಿದ್ದುದರಿಂದ ನಾವೆಲ್ಲರೂ ನಕ್ಕುಬಿಡುತ್ತಿದ್ದೆವು. ಅಮ್ಮ ಮಾತ್ರ ನಗದೆ, "ತಾಳು ಸುಮಿ. ತಾಳಿದವನು ಬಾಳಿಯಾನು" ಎನ್ನುವಳು. ದೊಡ್ಡಮ್ಮ, ಅತ್ತೆ, ಎದುರು ಮನೆಯವರು, ಎಲ್ಲರೂ ಅದನ್ನೇ. ಗಾದೆಯನ್ನು ಒಮ್ಮೆ ಸರಿಯಾಗಿ ನೋಡಿ. ತಾಳಿದವನು, ಬಾಳಿಯಾನು. ಎರಡೂ ಪುಲ್ಲಿಂಗ. ಗಂಡಸಿಗಾಗಿ ಮಾಡಿದ ಗಾದೆ. ಆದರೆ ಒಬ್ಬ ಗಂಡಸಿಗೂ ಅದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಇಷ್ಟೆಲ್ಲ ಹೇಳಿದ್ದು ಸ್ಕಾಟ್ಲೆಂಡಿಗೆ ಹೋಗುವುದಕ್ಕೆ. ಗಾಬರಿಯಾಗಬೇಡಿ, ನಾನು ಹೆಬ್ಬಾಳದ ಫ್ಲೈಓವರ್ ದಾಟಿ ವಿಮಾನ ಹತ್ತಿದವಳಲ್ಲ. ಸಂಜಯನಗರದ ನಮ್ಮ ಮನೆಯಿಂದ ಯಲಹಂಕದ ಕಾಲೇಜಿಗೆ ದಿನಾ ಹೋಗಿಬರುವಾಗ ಏರ್‌ಪೋರ್ಟ್ ಬಸ್ಸುಗಳು ನಮ್ಮ ಬಸ್ಸನ್ನು ಹಿಂದೆ ಹಾಕಿಕೊಂಡು ಹೋಗುವುದನ್ನು ನೋಡಿದವಳು, ಅಷ್ಟೇ. ಎರಡು ಸಾವಿರದ ಹನ್ನೊಂದರ ಸುಮಾರಿಗೆ ಪರಿಚಯದ ಪ್ರಕಾಶಕರೊಬ್ಬರು ಬೇರೆ ಬೇರೆ ದೇಶಗಳ ಹಳೆಯ ಕಥೆಗಳ ಒಂದು ಸಂಕಲನ ತರುವುದಾಗಿ ಹೇಳಿ, ಸ್ಕಾಟ್ಲೆಂಡಿನ ಕಥೆಯೊಂದನ್ನು ನನ್ನ ಕೈಗಿಟ್ಟರು. ಇಂಗ್ಲಿಷ್ ತಾನೆ, ಅಂದುಕೊಂಡೆ. ಮೊದಲ ಪುಟದಲ್ಲೇ ಬೆವರು ಬಂತು.

ನಿರೂಪಣೆಯೇನೋ ಒಳ್ಳೆಯ ಇಂಗ್ಲಿಷಿನಲ್ಲಿತ್ತು. ಆದರೆ ಪಾತ್ರಗಳು ಬಾಯಿ ಬಿಟ್ಟರೆ ಸಾಕು, ನನ್ನ ಎಂ.ಎ. ಪದವಿ ಉಪಯೋಗಕ್ಕೆ ಬರುತ್ತಿರಲಿಲ್ಲ. 'ದ ಬೇರ್ನ್ ವಾಸ್ ಗ್ರೀಟಿಂಗ್' ಎಂದೊಂದು ಸಾಲು. ಬೇರ್ನ್ ಎಂದರೆ ಬಾರ್ನ್ ಇರಬೇಕು, ಮುದ್ರಣದೋಷ, ಎಂದು ತೀರ್ಮಾನಿಸಿ 'ಕೊಟ್ಟಿಗೆಯು ಸ್ವಾಗತಿಸುತ್ತಿತ್ತು' ಎಂದು ಬರೆದೆ. ಎಷ್ಟು ಕಾವ್ಯಮಯವಾಗಿದೆ ಎಂದು ನಾನೇ ಎರಡು ಸಲ ಓದಿಕೊಂಡೆ. ಆಮೇಲೆ ಕಾಲೇಜಿನ ಕಂಪ್ಯೂಟರಿನಲ್ಲಿ ಆ ಭಾಷೆಯ ನಿಘಂಟು ತೆರೆದು ನೋಡಿದರೆ, ಬೇರ್ನ್ ಎಂದರೆ ಮಗು, ಗ್ರೀಟ್ ಎಂದರೆ ಅಳು. ಪಾಪ, ಮಗು ಅಳುತ್ತಿತ್ತು. ನಾನು ಅದನ್ನು ಕೊಟ್ಟಿಗೆ ಮಾಡಿ ಬಾಗಿಲಲ್ಲಿ ಪನ್ನೀರು ಹಿಡಿದು ನಿಲ್ಲಿಸಿದ್ದೆ.

ಆ ನಿಘಂಟಿನಲ್ಲೇ ನನಗೆ 'ಥೋಲ್' ಸಿಕ್ಕಿದ್ದು. ಥೋಲ್: ಸಹಿಸು, ನೋವನ್ನು ಹೊರು, ಕೆಳಗಿಡದೆ ಹೊತ್ತುಕೊಂಡಿರು. ಬಹಳ ಹಳೆಯ ಕ್ರಿಯಾಪದ. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಇತ್ತಂತೆ, ಅಲ್ಲಿ ಸವೆದುಹೋಗಿ, ಉತ್ತರದ ಚಳಿಯಲ್ಲಿ ಉಳಿದುಕೊಂಡಿದೆ. ಥೋಲ್, ತಾಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸ್ಟಾಫ್ ರೂಮಿನಲ್ಲಿ ಭಾಷಾಶಾಸ್ತ್ರ ಓದಿದ ಸಹೋದ್ಯೋಗಿಯೊಬ್ಬರಿದ್ದರು. ಅವರ ಬಳಿ ಓಡಿಹೋಗಿ, ಸ್ಕಾಟ್ಲೆಂಡಿಗೂ ನಮಗೂ ಏನೋ ನೆಂಟಸ್ತಿಕೆ ಇದೆ ಎಂದೆ. ಅವರು ಚಪಾತಿ ಅಗಿಯುತ್ತಲೇ, "ಬರೀ ಕಾಕತಾಳೀಯ ಮೇಡಂ" ಎಂದರು. ಕಾಕತಾಳೀಯದಲ್ಲೂ ಒಂದು ತಾಳ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೆಂಟಸ್ತಿಕೆ ಇಲ್ಲದಿದ್ದರೂ ಸ್ವಭಾವ ಒಂದೇ. ಆ ಕಥೆಯಲ್ಲಿ ನಾನೊಂದು ವಿಷಯ ಗಮನಿಸಿದೆ. ಲೇಖಕ ತನ್ನ ಮಾತಿನಲ್ಲಿ ಎಲ್ಲಿಯೂ ಥೋಲ್ ಎನ್ನುವುದಿಲ್ಲ. ತಾನು ಹೇಳಬೇಕಾದಲ್ಲೆಲ್ಲ 'ಸಹಿಸಿದಳು', 'ಅನುಭವಿಸಿದಳು' ಎನ್ನುವುದಕ್ಕೆ ಸರಿಯಾದ ಪುಸ್ತಕದ ಇಂಗ್ಲಿಷ್ ಪದಗಳನ್ನೇ ಬಳಸುತ್ತಾನೆ. ಥೋಲ್ ಬರುವುದು ಹೆಂಗಸರ ಬಾಯಲ್ಲಿ, ಒಲೆಯ ಹತ್ತಿರ, ಬಾವಿಯ ಹತ್ತಿರ. ನಮ್ಮ ಕಾದಂಬರಿಗಳಲ್ಲೂ ಹಾಗೇ ಅಲ್ಲವೇ? ಕಥೆ ಹೇಳುವವನು 'ಸಹನಾಮೂರ್ತಿ' ಎನ್ನುತ್ತಾನೆ. ಒಲೆ ಊದುವವಳು 'ತಾಳ್ಕೊಂಡಿದೀನಿ' ಎನ್ನುತ್ತಾಳೆ. ಸಹಿಸುವುದನ್ನು ದೂರದಿಂದ ನೋಡಿದವರಿಗೆ ಒಂದು ಪದ, ಸಹಿಸಿದವರಿಗೆ ಇನ್ನೊಂದು.

ನಿಘಂಟಿನಲ್ಲಿ ಇನ್ನೊಂದು ಸ್ವಾರಸ್ಯವಿತ್ತು. ಅಲ್ಲಿನ ನ್ಯಾಯಾಲಯದ ಮಾತಿನಲ್ಲೂ ಥೋಲ್ ಇದೆ. ಒಬ್ಬ ಮನುಷ್ಯ ಒಂದು ಆರೋಪಕ್ಕೆ ಒಮ್ಮೆ ವಿಚಾರಣೆಯನ್ನು 'ತಾಳಿದ' ಎಂದರೆ, ಅದು ಮುಗಿಯಿತು. ಅದೇ ಆರೋಪಕ್ಕೆ ಅವನನ್ನು ಮತ್ತೆ ಕಟಕಟೆ ಹತ್ತಿಸುವಂತಿಲ್ಲ.

ನಾನು ಏನೇ ಬರೆದರೂ ಮೊದಲು ಓದಿಸುವುದು ಅಕ್ಕನಿಗೆ. ಡಿಸೆಂಬರಿನ ಒಂದು ಭಾನುವಾರ ಅನುವಾದ ಹಿಡಿದುಕೊಂಡು ಜಾಲಹಳ್ಳಿಗೆ ಹೋದೆ. ಅಕ್ಕ ಕ್ವಾರ್ಟರ್ಸ್‌ನ ಮುಂದಿನ ಕಟ್ಟೆಯ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಒಂದು ಕೈ ಸೇರಿಸಲು ಹೋದೆ. ನಾನು ಹಿತುಕಿದರೆ ಕಾಳು ಪಾತ್ರೆಗೆ ಬೀಳದೆ ಪಕ್ಕದ ಮನೆಯ ಬಾಗಿಲಿಗೆ ಹಾರುತ್ತದೆ. "ನೀನು ಓದು ಸಾಕು" ಎಂದಳು.

ಓದಿದೆ. ಕಥೆ ದೊಡ್ಡದಲ್ಲ. ಕಡಲ ತಡಿಯ ಹಳ್ಳಿ, ಮೀನುಗಾರರ ಮನೆ, ಅಲ್ಲಿಗೆ ಬಂದ ಸೊಸೆ. ಅತ್ತೆಯ ಮನೆಯಲ್ಲಿ ಅವಳಿಗೆ ಹಗಲೂ ರಾತ್ರಿ ದುಡಿಮೆ, ಒಂದು ಒಳ್ಳೆಯ ಮಾತಿಲ್ಲ. ಊರಿನ ಮುದುಕಿಯರೆಲ್ಲ ಅವಳಿಗೆ 'ತಾಳಬೇಕು ಮಗಳೇ' ಎನ್ನುತ್ತಾರೆ. ವರ್ಷಗಳು ಹೋಗುತ್ತವೆ. ಕೊನೆಯಲ್ಲಿ ಊರಿನ ಪಾದ್ರಿಯೂ ಅದನ್ನೇ ಹೇಳಿದಾಗ ಅವಳು ಒಂದೇ ಮಾತು ಹೇಳಿ, ಶಾಲು ಹೊದ್ದುಕೊಂಡು ಹೊರಗೆ ಹೋಗುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಆ ಮಾತನ್ನು ನಾನು 'ನಾನು ತಾಳಿದ್ದೇನೆ' ಎಂದು ಅನುವಾದಿಸಿದ್ದೆ.

ಅಕ್ಕನ ಕೈ ನಿಂತಿತು. "ಅದು ಸರಿಯಿಲ್ಲ ವತ್ಸಿ."

"ಯಾವ್ದು?"

"ತಾಳಿದ್ದೇನೆ ಅಂದ್ರೆ ಇನ್ನೂ ತಾಳ್ತಾನೇ ಇದೀನಿ ಅಂತ ಆಯ್ತಲ್ವಾ? ಹಂಗಿದ್ರೆ ಅವಳ್ಯಾಕೆ ಶಾಲು ತಗೋತಾಳೆ?"

"ಇಂಗ್ಲಿಷಲ್ಲಿ ಹಂಗೇ ಇದೆ ಕಣೆ. ಎರಡೂ ಅರ್ಥ ಬರುತ್ತೆ."

"ಕನ್ನಡದಲ್ಲಿ ಎರಡೂ ಬರಲ್ಲ. ಒಂದು ಆರಿಸ್ಕೋಬೇಕು." ಅವಳು ಒಂದು ಕಾಳನ್ನು ಬೆರಳಲ್ಲಿ ಹಿಡಿದು ಯೋಚಿಸಿದಳು. "ತಾಳಿದ್ದಾಯ್ತು ಅಂತ ಹಾಕು. ಊಟ ಮಾಡಿದ್ದಾಯ್ತು, ಪಾತ್ರೆ ತೊಳೆದಿದ್ದಾಯ್ತು ಅಂತೀವಲ್ಲ, ಹಂಗೆ. ಆ ಕೆಲಸ ಮುಗೀತು."

ನಾನು ಪೆನ್ನು ತೆಗೆದು ತಿದ್ದಿದೆ. ತಿದ್ದುತ್ತಾ ನ್ಯಾಯಾಲಯದ ಆ ವಿಷಯವನ್ನೂ ಹೇಳಿದೆ, ತಮಾಷೆಯಾಗಿದೆ ಎಂದು. ಅಕ್ಕ ನಗಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. "ಅಂದ್ರೆ ಒಂದು ತಪ್ಪಿಗೆ ಒಂದೇ ಸಲ" ಎಂದಳು.

ಅಷ್ಟರಲ್ಲಿ ಭಾವ ಬಾಗಿಲಿಗೆ ಬಂದರು. ನನ್ನನ್ನು ನೋಡಿ "ಯಾವಾಗ್ ಬಂದ್ಯಮ್ಮ?" ಎಂದು ನಕ್ಕರು. ಆಮೇಲೆ ಎದುರಿನ ಹೊಂಗೆ ಮರದ ಕಡೆ ತಿರುಗಿ, "ಇತಕಿದ್ ಬೇಳೆ ಸಾರಾದ್ರೆ ಮದ್ಯಾನಕ್ಕೆ ಚೆನ್ನಾಗಿರ್ತದೆ" ಎಂದು ಹೇಳಿ ಒಳಗೆ ಹೋದರು.

ಅಕ್ಕ ಸಾರು ಮಾಡಿದಳು. ಮುದ್ದೆ ಕಟ್ಟಿದಳು. ಬಡಿಸಿದಳು. ಎಲ್ಲರದೂ ಊಟವಾದ ಮೇಲೆ ಪಾತ್ರೆ ತೊಳೆದು, ಅಡುಗೆಮನೆ ಒರೆಸಿ, ಒಳಗೆ ಹೋಗಿ ಒಂದು ಬ್ಯಾಗು ಹಿಡಿದುಕೊಂಡು ಬಂದಳು. "ನಡಿ, ನಿನ್ ಜೊತೆ ಬರ್ತೀನಿ" ಎಂದಳು. ಎರಡು ದಿನಕ್ಕೆ ಬರುತ್ತಾಳೆ ಅಂದುಕೊಂಡೆ. ಭಾವ ಪೇಪರಿನ ಹಿಂದೆ ಇದ್ದರು. ಅಕ್ಕ ಅವರ ಮುಂದೆ ನಿಂತು, ನೇರವಾಗಿ, "ನಾನು ಹೋಗ್ತಾ ಇದೀನಿ. ಮಾತಾಡ್ಬೇಕು ಅನ್ಸಿದಾಗ ಬನ್ನಿ" ಎಂದಳು. ಪೇಪರು ಅಲ್ಲಾಡಲಿಲ್ಲ.

ಗಂಗಮ್ಮ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಅವಳ ಕೈ ಹಿಡಿದುಕೊಂಡೆ. ಅವರೆಯ ಸೊಗಡಿನ ವಾಸನೆ. "ತಪ್ಪು ಮಾಡಿದ್ನಾ?" ಎಂದು ಕೇಳಿದಳು. ಬಸ್ಸು ಬಂತು, ಹತ್ತಿದೆವು.

ಅಮ್ಮನಿಗೆ ವಿಷಯ ತಿಳಿದು ಫೋನಿನಲ್ಲೇ ಅತ್ತಳು. "ಇಷ್ಟು ವರ್ಷ ತಾಳಿದವಳು ಇನ್ನೊಂದ್ ಸ್ವಲ್ಪ ದಿನ ತಾಳಕ್ಕಾಗ್ಲಿಲ್ವಾ?" ಅಕ್ಕ ಶಾಂತವಾಗಿ, "ಇಷ್ಟು ವರ್ಷ ತಾಳಿದ್ದಕ್ಕೇ ಆಗ್ಲಿಲ್ಲಮ್ಮ" ಎಂದಳು. ನಮ್ಮ ಮನೆಯವರು ಯಾವ ಪ್ರಶ್ನೆಯನ್ನೂ ಕೇಳದೆ ಹಾಲಿನವನಿಗೆ ಇನ್ನೊಂದು ಪ್ಯಾಕೆಟ್ ಹೇಳಿದರು. ನಾನು ಅವರನ್ನು ಮದುವೆಯಾದದ್ದು ಸರಿಯೆಂದು ಅನ್ನಿಸಿದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಮೊದಲ ವಾರ ಏನೂ ಸುದ್ದಿಯಿಲ್ಲ. ಆಮೇಲೆ ನನ್ನ ಮೊಬೈಲಿಗೆ ಭಾವನ ಫೋನು.

"ಅಲ್ಲಿ ಎಲ್ಲಾ ಚೆನ್ನಾಗೈತಾ?"

"ಯಾರು ಭಾವ?"

"ಅದೇ... ಅಲ್ಲಿರೋರು."

"ನಾನು ಚೆನ್ನಾಗಿದೀನಿ ಭಾವ. ನಮ್ ಮನೆಯವರೂ ಚೆನ್ನಾಗಿದಾರೆ."

ಭಾವ ಫೋನು ಇಟ್ಟರು.

ಮುಂದಿನ ಭಾನುವಾರ ಅವರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಕವರು ಸೀಬೆಹಣ್ಣು. ಸೋಫಾದ ತುದಿಯಲ್ಲಿ ಕೂತರು. ಅಕ್ಕ ಅಡುಗೆಮನೆಯಲ್ಲಿದ್ದಳು, ನಮ್ಮ ಮನೆಯಲ್ಲಿ ಸೋಫಾದಿಂದ ಅಡುಗೆಮನೆಗೆ ಎಷ್ಟು ದೂರ ಎಂದರೆ, ಇಲ್ಲಿ ಸೀನಿದರೆ ಅಲ್ಲಿ ಒಗ್ಗರಣೆ ಹಾರುತ್ತದೆ. ಭಾವ ನನ್ನನ್ನು ನೋಡಿ ಮೆಲ್ಲಗೆ, "ಅವಳಿಗೆ ಏಳಮ್ಮ..." ಎಂದು ಶುರು ಮಾಡಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ನಾನು ಹೇಳಲ್ಲ ಭಾವ. ಒಳಗೇ ಇದಾಳೆ. ನೀವೇ ಹೇಳಿ."

ಅವರು ಎದ್ದು ಹೋಗಿಬಿಟ್ಟರು. ಅಕ್ಕ ಸೀಬೆಹಣ್ಣನ್ನು ಹೆಚ್ಚಿ, ಉಪ್ಪು ಖಾರ ಹಾಕಿ, ಒಂದೂ ತಿನ್ನದೆ ತಟ್ಟೆಯನ್ನು ನಮ್ಮ ಮುಂದಿಟ್ಟಳು.

ಅದರ ಮುಂದಿನ ಭಾನುವಾರ ಅವರು ಗೇಟಿನ ಹೊರಗೇ ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ತರಕಾರಿ ತರಲು ಹೊರಟ ನಾನು ನೋಡಿ, ಒಳಗೆ ಕರೆದರೆ ಬರಲಿಲ್ಲ. ಮೂಲೆಯ ಟೀ ಅಂಗಡಿಗೆ ಹೋದೆವು. ಲೋಟ ಕೈಯಲ್ಲಿ ತಿರುಗಿಸುತ್ತಾ ಅವರು ಹೇಳಿದರು:

"ಊರೋರೆಲ್ಲಾ ನಕ್ಕಿದ್ರೆ ನಂಗೇನೂ ಇಲ್ಲ ವತ್ಸಲ. ಅವಳು ಮೊದ್ಲು ನಕ್ಕಳು. ನಿಮ್ ಮನೇಲಿ ಬಾಯ್ ಬಿಡಕ್ಕೇ ಎದರ್ತಿದ್ದೆ ನಾನು. ನಿಮ್ಮಪ್ಪ ತಿದ್ದೋರು, ಅವಳು ತಿದ್ದುತಿರ್ಲಿಲ್ಲ. ಅವಳೊಬ್ಬಳಾದ್ರೂ ನಗಲ್ಲ ಅಂದ್ಕಂಡಿದ್ದೆ."

"ಅವಳು ಎಷ್ಟು ಸಲ ಕ್ಷಮೆ ಕೇಳಿದಳು ಭಾವ."

"ಕೇಳಿದ್ಲು. ಆಗ ಕೋಪ ಇತ್ತು. ಕೋಪ ಓಗಿ ಬಾಳ ದಿನ ಆಯ್ತು." ಅವರು ರಸ್ತೆಯ ಕಡೆ ನೋಡಿದರು. "ಆಮ್ಯಾಕೆ ಎಂಗ್ ಸುರು ಮಾಡೋದು ಅಂತ ಗೊತ್ತಾಗ್ಲಿಲ್ಲ. ಮೊದಲ್ನೇ ಮಾತು ಏನ್ ಆಡೋದು ಏಳು? ಇಷ್ಟ್ ವರ್ಷ ಆದ್ಮೇಲೆ ಕಾಫಿ ಕೊಡು ಅಂತ ಸುರು ಮಾಡಕ್ಕಾಯ್ತದಾ?"

ನಾವು ಇಷ್ಟು ವರ್ಷ ಆ ಮೌನವನ್ನು ಅಹಂಕಾರ ಎಂದುಕೊಂಡಿದ್ದೆವು. ಅದು ಯಾವತ್ತೋ ಅಹಂಕಾರವಾಗಿದ್ದದ್ದು ನಿಜ. ಆಮೇಲೆ ಅದು ಬರೀ ನಾಚಿಕೆಯಾಗಿ ಉಳಿದಿತ್ತು. ಅಕ್ಕ ಒಂದು ಗೋಡೆಯ ಈ ಕಡೆ ತಾಳುತ್ತಿದ್ದಳು, ಅವರು ಆ ಕಡೆ. ಹಾಗೆಂದು ಎರಡೂ ಸಮ ಎಂದು ನಾನು ಹೇಳುವುದಿಲ್ಲ. ಬಾಗಿಲ ಚಿಲಕ ಇದ್ದದ್ದು ಅವರ ಕಡೆಯಲ್ಲೇ.

"ಹೆಸರಿಂದ ಶುರು ಮಾಡಿ ಭಾವ" ಎಂದೆ.

ಅವರು ನನ್ನ ಹಿಂದೆ ಮನೆಯೊಳಗೆ ಬಂದರು. ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅಕ್ಕ ಬಾಣಲೆಗೆ ಸಾಸಿವೆ ಹಾಕುತ್ತಿದ್ದಳು, ಬೆನ್ನು ಈ ಕಡೆ.

"ಸುಮಿತ್ರಾ. ಮನೆಗ್ ಓಗಾನ ಬಾ."

ಅಕ್ಕ ತಿರುಗಲಿಲ್ಲ. ಸಾಸಿವೆ ಚಟಪಟ ಎನ್ನುತ್ತಿತ್ತು. ಅವಳ ಭುಜ ಒಮ್ಮೆ ಮೇಲೆದ್ದು ಇಳಿಯಿತು. "ತಾಳಿ" ಎಂದಳು. "ಒಗ್ಗರಣೆ ಸೀದುಹೋಗುತ್ತೆ."

ಭಾವ ತಾಳಿದರು. ಅವಳು ಕರಿಬೇವು ಹಾಕಿದಳು, ಹುರುಳಿಕಾಯಿ ಹಾಕಿದಳು, ಉಪ್ಪು ಹಾಕಿ ತಟ್ಟೆ ಮುಚ್ಚಿದಳು, ಕೈ ಒರೆಸಿಕೊಂಡಳು. ಆಮೇಲೆ ತಿರುಗಿ ನಿಂತು ಹೇಳಿದಳು:

"ನಾನವತ್ತು ನಕ್ಕಿದ್ದು ತಪ್ಪು ರೀ. ಎಷ್ಟೋ ಸಲ ಹೇಳಿದೀನಿ, ಇದು ಕೊನೇ ಸಲ. ಅದಕ್ಕೆ ಶಿಕ್ಷೆನೂ ಆಗಿಹೋಯ್ತು. ಒಂದೇ ಕೇಸಿಗೆ ಎರಡೆರಡು ಸಲ ವಿಚಾರಣೆ ಇಲ್ಲ. ಇನ್ಮೇಲೆ ಕೋಪ ಬಂದ್ರೆ ಬೈರಿ. ಕೂಗಾಡಿ. ನಾನೂ ಕೂಗಾಡ್ತೀನಿ. ಮಾತು ಬಿಟ್ರೆ ಮಾತ್ರ ನಾನು ತಾಳಲ್ಲ."

"ಊಂ" ಎಂದರು ಭಾವ.

"ಊಂ ಅಲ್ಲ. ಮಾತಲ್ಲಿ ಹೇಳಿ."

"ಬಿಡಲ್ಲ."

"ಏನು ಬಿಡಲ್ಲ?"

"ಮಾತು ಬಿಡಲ್ಲ ಕಣೆ." ಅಷ್ಟು ಹೇಳಿ ಅವರು ಅಡುಗೆಮನೆಯ ಹೊಸ್ತಿಲ ಮೇಲೇ ಕೂತುಬಿಟ್ಟರು. ಅಷ್ಟು ದೊಡ್ಡ ಆಳು, ಮೊಣಕಾಲಿಗೆ ಮುಖ ಕೊಟ್ಟು ಅತ್ತರು. ಅಕ್ಕ ಅಳಲಿಲ್ಲ. ಅವರ ಪಕ್ಕದಲ್ಲಿ ಕೂತು, ಸೆರಗಿನಿಂದ ಅವರ ಕತ್ತಿನ ಬೆವರು ಒರೆಸಿದಳು. ನಾನೂ ನಮ್ಮ ಮನೆಯವರೂ ಹೊರಗಿನ ಕೋಣೆಗೆ ಬಂದು ಟಿ.ವಿ. ಹಾಕಿಕೊಂಡೆವು. ಏನು ಬರುತ್ತಿತ್ತು ಎಂದು ಇಬ್ಬರಿಗೂ ನೆನಪಿಲ್ಲ.

ಅಂದೇ ಹೊರಟುಬಿಡುತ್ತಾಳೆ ಎಂದು ನಾನು ಅವಳ ಸೀರೆಗಳನ್ನು ಮಡಿಸಿಟ್ಟರೆ, ಅಕ್ಕ ಹೋಗಲಿಲ್ಲ. "ಮಾತು ಅಭ್ಯಾಸ ಆಗ್ಲಿ, ಆಮೇಲೆ" ಎಂದಳು. ಶಿವರಾತ್ರಿ ಕಳೆಯುವವರೆಗೆ ನಮ್ಮಲ್ಲೇ ಇದ್ದಳು. ಭಾವ ರಜೆ ಸಿಕ್ಕಿದಾಗಲೆಲ್ಲ ಬರುತ್ತಿದ್ದರು. ಇಬ್ಬರೂ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರುವರು. ಬಟ್ಟೆ ತೆಗೆಯುವ ನೆಪದಲ್ಲಿ ನಾನೊಮ್ಮೆ ಮೇಲೆ ಹೋಗಿ ಕದ್ದು ಕೇಳಿದೆ. ಪ್ರೀತಿ ಪ್ರೇಮ ಏನಾದರೂ ಇರಬಹುದು ಎಂದು ಆಸೆಪಟ್ಟರೆ, ಭಾವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೊಸದಾಗಿ ಬಂದ ಇಡ್ಲಿ ಪಾತ್ರೆಯ ವಿಷಯ ಹೇಳುತ್ತಿದ್ದರು. ಎಷ್ಟು ಇಡ್ಲಿ ಒಟ್ಟಿಗೆ ಬೇಯುತ್ತದೆ, ಹಬೆ ಯಾವ ಕಡೆಯಿಂದ ಬರುತ್ತದೆ, ಎಲ್ಲ. ಅಕ್ಕ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅವರ ಬಾಯಲ್ಲಿ ಹಬೆ ಅಬೆಯಾಗಿತ್ತು. ಇಬ್ಬರಿಗೂ ಅದು ಗೊತ್ತೇ ಆದಹಾಗಿರಲಿಲ್ಲ.

ಕಥೆಯ ಕೊನೆಯ ಮಾತನ್ನು ಪ್ರಕಾಶಕರು ಒಪ್ಪಲಿಲ್ಲ. "'ತಾಳಿದ್ದಾಯ್ತು' ಅನ್ನೋದು ಆಡುಮಾತಾಯ್ತಲ್ಲ ಮೇಡಂ, 'ಸಹಿಸಿ ಮುಗಿಸಿದ್ದೇನೆ' ಅಂತ ಹಾಕೋಣ" ಎಂದರು. ನಾನು ಸಾಮಾನ್ಯವಾಗಿ ಯಾರು ಏನು ಹೇಳಿದರೂ ತಲೆಯಾಡಿಸುವವಳು. ಅಂದು ಮಾತ್ರ, ಆ ಮಾತು ಆಡಿದವಳ ಬಾಯಿಂದಲೇ ನಾನು ಕೇಳಿದ್ದೇನೆ, ಬದಲಾಯಿಸಲಾಗದು ಎಂದುಬಿಟ್ಟೆ. ಸ್ಕಾಟ್ಲೆಂಡಿಗೆ ಯಾವಾಗ ಹೋಗಿದ್ದೆ ಎಂದು ಅವರು ಕೇಳಲಿಲ್ಲ. ಪುಸ್ತಕ ಹಾಗೇ ಅಚ್ಚಾಯಿತು. ಯಾರು ಓದಿದರೋ ತಿಳಿಯದು. ಭಾವ ಓದಿದರು. ಓದಿ, "ಆ ಉಡುಗಿ ಎಲ್ಲಿಗ್ ಓದ್ಲು ಅಂತ ಬರ್ದೇ ಇಲ್ವಲ್ಲ" ಎಂದು ಬಹಳ ಬೇಸರಪಟ್ಟುಕೊಂಡರು.

ಎರಡು ವರ್ಷವಾದ ಮೇಲೆ ಅಕ್ಕ, ಭಾವ, ನಾನು ಮೂವರೂ ಯಲಹಂಕಕ್ಕೆ ಒಂದು ಮದುವೆಗೆ ಹೊರಟಿದ್ದೆವು. ಬಸ್ಸು ತುಂಬಿತ್ತು. ಅವರಿಬ್ಬರಿಗೆ ಮುಂದೆ ಸೀಟು ಸಿಕ್ಕಿತು, ನಾನು ಎರಡು ಸಾಲು ಹಿಂದೆ. ಯಲಹಂಕ ಹತ್ತಿರವಾಗುತ್ತಿದ್ದ ಹಾಗೆ ಮುಂದಿನಿಂದ ದನಿ ಏರಿತು.

"ಇಲ್ಲೇ ಇಳೀಬೇಕು ಕಣೆ. ನಂಗ್ ಗೊತ್ತಿಲ್ವಾ? ನಾನ್ ಉಟ್ಟಿ ಬೆಳೆದಿದ್ದು ಈ ಕಡೇನೇ."

"ನೀವು ಹುಟ್ಟಿದಾಗ ಆ ಛತ್ರ ಎಲ್ಲಿತ್ತು ರೀ? ಇನ್ವಿಟೇಶನ್ನಲ್ಲಿ ಪೊಲೀಸ್ ಸ್ಟೇಷನ್ ಹತ್ರ ಅಂತಿದೆ."

"ಪೋಲೀಸ್ ಸ್ಟೇಷನ್ನೇ ಅಲ್ವಾ ನಾನ್ ಏಳ್ತಿರೋದು!"

"ನೀವು ಹೇಳ್ತಿರೋದು ಸಂತೆ ಮೈದಾನ!"

"ಎರಡೂ ಒಂದೇ ಕಡೆ!"

"ಯಾವ ಕಾಲದಲ್ಲಿ?"

ಬಸ್ಸಿನವರೆಲ್ಲ ತಿರುಗಿ ನೋಡತೊಡಗಿದರು. ಒಂದು ಮಗು ಅಮ್ಮನ ಭುಜದ ಮೇಲಿಂದ ಬಗ್ಗಿ ನೋಡಿತು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ವಾಲಿ, "ಪಾಪ, ದಿನಾ ಇಂಗೇ ಇರ್ಬೇಕು" ಎಂದಳು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವಳು, ಮುಂದಿನವರು ನಮ್ಮ ಕಡೆಯವರೇ ಇರಬೇಕು, ನನಗೆ ಮರ್ಯಾದೆ ಹೋಗುತ್ತಿದೆ ಎಂದುಕೊಂಡಳೋ ಏನೋ, ಮತ್ತೆ ಮಾತಾಡಲಿಲ್ಲ.

ಕಂಡಕ್ಟರು ಸೀಟಿ ಊದಿ, "ಯಜಮಾನ್ರೇ, ಇಳಿಯೋದಿದ್ರೆ ಇಳೀರಿ, ಇಲ್ದಿದ್ರೆ ಮನೆಗ್ ಹೋಗಿ ಮಾತಾಡ್ಕೊಳ್ಳಿ" ಎಂದ. ಅಷ್ಟರಲ್ಲಿ ಅಕ್ಕ ಹೇಳಿದ ಸ್ಟಾಪೂ ಭಾವ ಹೇಳಿದ ಸ್ಟಾಪೂ ಎರಡೂ ದಾಟಿಹೋಗಿದ್ದವು. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಿನಲ್ಲಿ ವಾಪಸು ನಡೆದೆವು. ಅವರಿಬ್ಬರೂ ಮುಂದೆ ಮುಂದೆ, ತಪ್ಪು ಯಾರದೆಂದು ಕೈಬೀಸಿ ವಾದಿಸುತ್ತಾ. ನಾನು ಹಿಂದೆ, ಉಡುಗೊರೆಯ ಸ್ಟೀಲ್ ಪಾತ್ರೆಯನ್ನು ಎದೆಗವಚಿಕೊಂಡು, ಛತ್ರ ಇನ್ನಷ್ಟು ದೂರವಿರಲಿ ಎಂದುಕೊಳ್ಳುತ್ತಾ.